ಶಾಲೆಯ ಮಾಡು ಸೋರಿದರೆ ಯಾರನ್ನು ಕೇಳಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಊರಿನ ಸರಕಾರಿ ಶಾಲೆಗಳದ್ದೇ. ಬರೆದವರಲ್ಲಿ ಹೆಚ್ಚಿನವರು ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ತಂದೆ ತಾಯಂದಿರು. ಮೊದಲು ನಮ್ಮ ಜಿಲ್ಲೆ (ಈಗಿನ ದಕ್ಷಿಣ ಕನ್ನಡ ಮತ್ತು ಉಡುಪಿ) ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ ಡಿಸ್ಟ್ರಿಕ್ಟ್ ಬೋರ್ಡ್ ಶಾಲೆ ನಡೆಸುತ್ತಿತ್ತು, ಹಳಬರ ಬಾಯಲ್ಲಿ ಈಗಲೂ ‘ಬೋರ್ಡ್ ಶಾಲೆ’ ಅಂತ ಬರುತ್ತದೆ. 2001ರಿಂದ ಈಚೆಗೆ ಶಾಲೆ ನೋಡಿಕೊಳ್ಳುವ ಕೆಲಸದ ದೊಡ್ಡ ಪಾಲು ಈ ಸಮಿತಿಗಳ ಮೇಲೆ ಬಿದ್ದಿದೆ. ಆದರೆ ಹಣ ಎಷ್ಟು ಬರುತ್ತದೆ, ಅಧಿಕಾರ ಎಷ್ಟಿದೆ, ಯಾರ ಹತ್ತಿರ ಏನು ಕೇಳಬಹುದು ಅಂತ ಸಮಿತಿಯವರಿಗೆ ಯಾರೂ ಕೂತು ಹೇಳಿಲ್ಲ. ಪತ್ರ ಓದುವಾಗ ಅದು ಗೊತ್ತಾಗುತ್ತದೆ. ಹಾಗಾಗಿ ಕೆಲವು ಉತ್ತರ ಉದ್ದ ಆಗಿದೆ.

ಪ್ರಶ್ನೆ: ನಮ್ಮದು ಹಂಚಿನ ಮಾಡಿನ ಹಳೆಯ ಶಾಲೆ. ಮೂರು ಕೋಣೆ ಸೋರುತ್ತದೆ. ಪೂರ್ತಿ ಕೆಡವಿ ಆರ್‌ಸಿಸಿ ಮಾಡುವ ಅಂತ ಕೆಲವರು, ರಿಪೇರಿ ಸಾಕು ಅಂತ ಕೆಲವರು. ಕೇಳಿದಲ್ಲೆಲ್ಲ ‘ಅನುದಾನ ಇಲ್ಲ’ ಎಂಬ ಉತ್ತರ. ಏನು ಮಾಡುವುದು?
(ಎಸ್‌ಡಿಎಂಸಿ ಅಧ್ಯಕ್ಷರು, ಬೆಳ್ತಂಗಡಿ ತಾಲೂಕು)

ಉತ್ತರ: ಮೊದಲು ಮಾಡನ್ನು ಸರಿಯಾಗಿ ನೋಡಿ. ಕೆಳಗೆ ನಿಂತು ನೋಡಿದರೆ ಸಾಲದು. ಕೆಲಸ ಗೊತ್ತಿರುವ ಒಬ್ಬರು ಬಡಗಿಯನ್ನು ಕರೆದುಕೊಂಡು ಬನ್ನಿ, ಏಣಿ ಇಡಿಸಿ. ಹಂಚು ಒಡೆದದ್ದಾ, ಜಾರಿದ್ದಾ, ಇಲ್ಲ ಕೆಳಗಿನ ಮರ ಹೋಗಿದೆಯಾ, ಈ ಮೂರು ಬೇರೆ ಬೇರೆ. ಪಕ್ಕಾಸಿನ (ಮಾಡು ಹೊರುವ ಇಳಿಜಾರಿನ ಮರದ) ತುದಿ ಗೋಡೆಯ ಮೇಲೆ ಕೂರುವ ಜಾಗ ಇದೆಯಲ್ಲ, ಅಲ್ಲಿ ಒಂದು ದೊಡ್ಡ ಮೊಳೆ ಹಿಡಿದು ಚುಚ್ಚಿ ನೋಡಿ. ಗಟ್ಟಿ ಮರವಾದರೆ ಮೊಳೆ ನಿಲ್ಲುತ್ತದೆ. ಗೆದ್ದಲು ತಿಂದಿದ್ದರೆ ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಮೊಳೆ ಮಾತ್ರ ಸೀದಾ ಒಳಗೆ ಹೋಗುತ್ತದೆ, ಕಂದು ಬಣ್ಣದ ಹುಡಿ ಉದುರುತ್ತದೆ. ಎಷ್ಟೋ ಕಡೆ ಮಾಡು ಕುಸಿಯುವುದು ಇದೇ ಜಾಗದಲ್ಲಿ. ಮಧ್ಯದಲ್ಲಿ ಅಲ್ಲ.

ಮರ ಗಟ್ಟಿ ಇದ್ದರೆ ಕೆಡವುವ ಮಾತೇ ಬೇಡ ಅಂತ ನನ್ನ ಅಭಿಪ್ರಾಯ. ಹಂಚಿನ ಮಾಡಿನ ದೊಡ್ಡ ಲಾಭವೇ ಅದು, ಹಾಳಾದಷ್ಟನ್ನೇ ಬದಲಿಸಬಹುದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕರಾವಳಿಯ ಶಾಲೆಗಳೆಲ್ಲ ಈ ಮಾಡಿನ ಕೆಳಗೇ ಬೆಳೆದದ್ದು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಇಳಿಜಾರಿನ ಮಾಡು ಆ ನೀರನ್ನು ನಿಲ್ಲಲು ಬಿಡುವುದಿಲ್ಲ. ಸರಿಯಾಗಿ ಮಾಡದ ಆರ್‌ಸಿಸಿ ಕೆಲವೇ ವರ್ಷದಲ್ಲಿ ಒಸರಲು ಶುರುವಾಗಿ, ಮೇಲೆ ಪುನಃ ತಗಡಿನ ಶೀಟು ಹಾಕಿಸಿದ ಶಾಲೆಗಳನ್ನು ನೀವೂ ನೋಡಿರುತ್ತೀರಿ. ಒಂದು ವಿಷಯ ನೆನಪಿಡಿ: ಎಲ್ಲ ಕಾರ್ಖಾನೆಯ ಹಂಚೂ ಒಂದಕ್ಕೊಂದು ಕೂರುವುದಿಲ್ಲ. ಅಂಚಿನ ಕಚ್ಚು ಬೇರೆ ಇರುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮ ಶಾಲೆಯ ಒಂದು ಹಂಚು ಹಿಡಿದುಕೊಂಡೇ ಹೋಗಿ. ಊರಲ್ಲಿ ಯಾರಾದರೂ ಹಳೆ ಮನೆ ಕೆಡವುತ್ತಿದ್ದರೆ ಕೇಳಿ ನೋಡಿ, ಅದೇ ಅಚ್ಚಿನದ್ದು ಸಿಗುವ ಸಾಧ್ಯತೆ ಜಾಸ್ತಿ.

ಮರವೇ ಹೋಗಿದ್ದರೆ, ಗೋಡೆ ಬಿರುಕು ಬಿಟ್ಟಿದ್ದರೆ ಅದು ನಿಮ್ಮ ಕೈಯ ಕೆಲಸ ಅಲ್ಲ. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಇಂಜಿನಿಯರ್ ಬಂದು ನೋಡಿ ಬರವಣಿಗೆಯಲ್ಲಿ ವರದಿ ಕೊಡಬೇಕು. ಊರವರು ಸೇರಿ ಶ್ರಮದಾನದಲ್ಲಿ ಕೆಡವಿ ಬಿಡುವ ಅಂತ ಹೊರಡಬೇಡಿ. ಅದು ಸರಕಾರದ ಕಟ್ಟಡ. ಕೆಡವಲು ಲಿಖಿತ ಅನುಮತಿ ಬೇಕು, ಇಳಿಸಿದ ಹಂಚು ಮರಕ್ಕೂ ಲೆಕ್ಕ ಬೇಕು. ಆ ವರದಿ ಬರುವವರೆಗೆ ಆ ಕೋಣೆಗೆ ಬೀಗ ಹಾಕಿ. ಬೀಗ ಹಾಕಿದ್ದೇವೆ, ಯಾಕೆ ಹಾಕಿದ್ದೇವೆ ಅಂತ ನಿರ್ಣಯ ಪುಸ್ತಕದಲ್ಲಿ ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ.

ಇಲ್ಲೇ ನನಗೆ ಹೇಳಲಿಕ್ಕೆ ಇರುವ ಮುಖ್ಯ ಮಾತು. ‘ಕೇಳಿದೆವು, ಅನುದಾನ ಇಲ್ಲ ಅಂದರು’ ಅಂತ ಬರೆದಿದ್ದೀರಿ. ಹೇಗೆ ಕೇಳಿದಿರಿ? ಫೋನಿನಲ್ಲಿ ಕೇಳಿದ್ದು, ಕಾರ್ಯಕ್ರಮಕ್ಕೆ ಬಂದ ಜನಪ್ರತಿನಿಧಿಯ ಕಿವಿಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಸಭೆ ಸೇರಿ ನಿರ್ಣಯ ಮಾಡಿ. ಯಾವ ಕೋಣೆ, ಎಷ್ಟು ಉದ್ದ ಅಗಲ, ಅಲ್ಲಿ ಕೂರುವ ಮಕ್ಕಳು ಎಷ್ಟು, ಏನು ಹಾಳಾಗಿದೆ, ಇಷ್ಟು ಬರೆಯಿರಿ. ಫೋಟೊ ಅಂಟಿಸಿ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಹೀಗೆ ಕಾಗದ ಇದ್ದರೆ ಹಣ ಬಂದ ವರ್ಷ ಪಟ್ಟಿಯಲ್ಲಿ ನಿಮ್ಮ ಶಾಲೆಯ ಹೆಸರು ಇರುತ್ತದೆ. ಇಲ್ಲದಿದ್ದರೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಕೇಳುವ ಬಾಗಿಲು ಒಂದೇ ಅಲ್ಲ. ನಾಲ್ಕು ಹಂಚು, ಎರಡು ರೀಪು (ಹಂಚು ಕೂರುವ ಮರದ ಪಟ್ಟಿ) ಆದರೆ ಶಾಲಾ ಅನುದಾನದಲ್ಲೇ ಮುಗಿಸಿ. ನೀರು, ಶೌಚಾಲಯ ಆದರೆ ಗ್ರಾಮ ಪಂಚಾಯತ್‌ಗೆ ಬರೆಯಿರಿ, ಹಣಕಾಸು ಆಯೋಗದ ಅನುದಾನದಲ್ಲಿ ಇದಕ್ಕೆಂದೇ ಮೀಸಲಾದ ಪಾಲು ಪಂಚಾಯತ್‌ಗೆ ಬರುತ್ತದೆ. ಕೋಣೆಯೇ ಬೇಕಾದರೆ ಇಲಾಖೆ. 2022ರ ‘ವಿವೇಕ’ ಯೋಜನೆಯಲ್ಲಿ ಕೋಣೆ ಸಿಕ್ಕಿದ ಶಾಲೆಗಳಿವೆ, ಅಂಥ ಯೋಜನೆ ಆಗಾಗ ಬರುತ್ತದೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ, ಅಲ್ಲಿಗೂ ಅದೇ ನಿರ್ಣಯದ ಪ್ರತಿ ಹೋಗಲಿ. ಇನ್ನು ಗಾಳಿ ಮಳೆಗೆ ಮಾಡು ಹಾರಿದರೆ, ಶಾಲೆಯ ಹಿಂದಿನ ಧರೆ (ಗುಡ್ಡದ ಕಡಿದಾದ ಅಂಚು) ಜರಿದರೆ ಅದು ಪ್ರಕೃತಿ ವಿಕೋಪದ ಲೆಕ್ಕ. ಅದೇ ದಿನ ಫೋಟೊ ತೆಗೆದು ಬಿಇಒ ಮತ್ತು ತಹಶೀಲ್ದಾರ್ ಇಬ್ಬರಿಗೂ ತಿಳಿಸಿ. ವಾರ ಕಳೆದು ತಿಳಿಸಿದರೆ ಹಾನಿ ಮಳೆಯಿಂದಲೇ ಆದದ್ದು ಅಂತ ತೋರಿಸುವುದು ಕಷ್ಟ.

ಇದೆಲ್ಲ ಏಪ್ರಿಲ್‌ನಲ್ಲಿ ಆಗಬೇಕು. ಮಾಡಿನ ಮೇಲೆ ಬಿದ್ದ ಎಲೆ ಗುಡಿಸುವುದು, ಮಂಗ ಹಾರಿ ಒಡೆದ ಹಂಚು ಬದಲಿಸುವುದು, ಶಾಲೆಯ ಮೇಲೆ ಬಾಗಿದ ಕೊಂಬೆ ಕಡಿಸುವುದು, ಧರೆಯ ಮೇಲಿನ ಕಣಿ (ನೀರು ಹರಿಯುವ ಚರಂಡಿ) ಬಿಡಿಸುವುದು. ಇದಕ್ಕೆ ಹೆಚ್ಚು ಹಣ ಬೇಡ. ದೊಡ್ಡ ಮರವೇ ತೆಗೆಯಬೇಕಾದರೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಅರ್ಜಿ ಬೇಗ ಕೊಡಿ.

ಪ್ರಶ್ನೆ: ನಾನು ಸಮಿತಿಯ ಸದಸ್ಯೆ. ಶಾಲೆಯಲ್ಲಿ 42 ಮಕ್ಕಳು. ಸಭೆ ಅಂತ ಕರೆಯುತ್ತಾರೆ, ಪುಸ್ತಕ ಮುಂದೆ ಇಟ್ಟು ಸಹಿ ಹಾಕಿಸುತ್ತಾರೆ. ಸರಕಾರದಿಂದ ಎಷ್ಟು ಹಣ ಬಂತು ಅಂತ ಕೇಳಿದರೆ ‘ನಿಮಗೆ ಅದೆಲ್ಲ ಅರ್ಥ ಆಗಲಿಕ್ಕಿಲ್ಲ’ ಅಂದರು. ಕೇಳುವ ಹಕ್ಕು ನನಗೆ ಇಲ್ವಾ?
(ಓದುಗರು, ಬೈಂದೂರು ತಾಲೂಕು)

ಉತ್ತರ: ಖಂಡಿತ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 21 ಓದಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು ಸಮಿತಿಯ ಕೆಲಸ ಅಂತ ಅದೇ ಕಲಂ ಹೇಳುತ್ತದೆ. ನಿಮ್ಮನ್ನು ಸಹಿಗೆ ಮಾತ್ರ ಕರೆದದ್ದು ತಪ್ಪು, ಆ ಮಾತು ಹೇಳಿದ್ದು ಇನ್ನೂ ದೊಡ್ಡ ತಪ್ಪು.

ಅರ್ಥ ಆಗದಂಥದ್ದು ಅದರಲ್ಲಿ ಏನೂ ಇಲ್ಲ. ಸಮಗ್ರ ಶಿಕ್ಷಣ ಎಂಬ ಸರಕಾರಿ ಯೋಜನೆಯಲ್ಲಿ ಶಾಲೆಗೆ ಒಂದು ಸಂಯುಕ್ತ ಅನುದಾನ ಅಂತ ಇದೆ. ಮಕ್ಕಳ ಸಂಖ್ಯೆ 30ರ ಒಳಗಿದ್ದರೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದರ ಮೇಲೆ 1 ಲಕ್ಷ. ಇದು ನಿಯಮದಲ್ಲಿರುವ ಗರಿಷ್ಠ ಮೊತ್ತ, ಎಲ್ಲ ವರ್ಷವೂ ಪೂರ್ತಿ, ಸಮಯಕ್ಕೆ ಸರಿಯಾಗಿ ಬರುತ್ತದೆ ಅಂತ ಅಲ್ಲ. ನಿಮ್ಮ 42 ಮಕ್ಕಳ ಶಾಲೆಗೆ 25,000. ಅದರಲ್ಲಿ ಕನಿಷ್ಠ ಶೇ. 10, ಅಂದರೆ 2,500 ರೂಪಾಯಿ ಸ್ವಚ್ಛತೆಗೇ ಹೋಗಬೇಕು. ಉಳಿದದ್ದರಲ್ಲಿ ಚಾಕ್‌ಪೀಸು, ರಿಜಿಸ್ಟರು, ಕಲಿಕೆಯ ಸಾಮಾನು, ನಲ್ಲಿ, ಬಲ್ಬು, ಬಾಗಿಲಿನ ಚಿಲಕ, ಸಣ್ಣ ರಿಪೇರಿ. ಪೂರ್ತಿ 25,000ವನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು ಸಾವಿರಕ್ಕಿಂತ ಸ್ವಲ್ಪ ಮೇಲೆ. ಕಡಿಮೆಯೇ. ಮೊದಲು ಇದರಲ್ಲೇ ಕರೆಂಟ್ ಬಿಲ್ಲೂ ಕಟ್ಟಬೇಕಿತ್ತು. 2023ರ ರಾಜ್ಯೋತ್ಸವದ ದಿನ ಸರಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತ ಅಂತ ಮುಖ್ಯಮಂತ್ರಿ ಘೋಷಿಸಿದ ಮೇಲೆ ಆ ಭಾರ ಇಳಿಯಿತು. ಹಾಗಾಗಿ ಉಳಿದ ಹಣ ಎಲ್ಲಿಗೆ ಅಂತ ನಿಧಾನಕ್ಕೆ ಕೂತು ಮಾತಾಡುವ ಅವಕಾಶ ಈಗ ಸಮಿತಿಗೆ ಇದೆ.

ಮುಂದಿನ ಸಭೆಯಲ್ಲಿ ಮೂರು ಕೇಳಿ. ಬ್ಯಾಂಕಿನ ಪಾಸ್‌ಬುಕ್, ಖರ್ಚಿನ ಬಿಲ್ಲುಗಳು, ಕಳೆದ ಸಭೆಯ ನಡಾವಳಿ. ಓದಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ, ಅರ್ಧ ಬರೆದ ಪುಟಕ್ಕೆ ಸಹಿ ಬೇಡ. ಮುಖ್ಯ ಶಿಕ್ಷಕರ ಮೇಲೆ ಸಂಶಯ ಅಂತ ಇದನ್ನು ತೆಗೆದುಕೊಳ್ಳಬಾರದು. ಒಳ್ಳೆ ಹೆಡ್‌ಮಾಸ್ಟರಿಗೆ ಲೆಕ್ಕ ನೋಡುವ ಸಮಿತಿಯೇ ದೊಡ್ಡ ಬಲ, ನಾಳೆ ಯಾರಾದರೂ ಬೆರಳು ತೋರಿಸಿದರೆ ಜೊತೆಗೆ ನಿಲ್ಲಲು ಜನ ಇರುತ್ತಾರೆ. ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ಜಗಲಿಯ ಗೋಡೆಗೆ ಅಂಟಿಸುವ ಪದ್ಧತಿ ಶುರು ಮಾಡಿ.

ಇನ್ನೊಂದು. ಸಭೆ ಎಷ್ಟು ಹೊತ್ತಿಗೆ ಇಡುತ್ತಾರೆ? ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಗೇರುಬೀಜದ ಕಾರ್ಖಾನೆಗೆ ಹೋಗುವ, ತೋಟದ ಕೆಲಸಕ್ಕೆ ಹೋಗುವ, ಬೀಡಿ ಕೊಡಲು ಬ್ರಾಂಚಿಗೆ ಹೋಗುವ ತಾಯಂದಿರು ಬರುವುದು ಹೇಗೆ? ಒಂದು ದಿನದ ಸಂಬಳ ಬಿಟ್ಟು ಬನ್ನಿ ಅಂತ ಹೇಳಿದ ಹಾಗಾಯಿತು ಅಲ್ವಾ. ಶನಿವಾರ ಮಧ್ಯಾಹ್ನ ಇಡಿ ಅಂತ ಕೇಳಿ, ಅದನ್ನೂ ನಿರ್ಣಯದಲ್ಲಿ ಬರೆಸಿ.

ಪ್ರಶ್ನೆ: ನಮ್ಮ ಶಾಲೆಗೆ ನೂರು ವರ್ಷ ಆಗುತ್ತಿದೆ. ಮುಂಬಯಿಯಲ್ಲಿ, ಗಲ್ಫ್‌ನಲ್ಲಿ ಇರುವ ಹಳೆ ವಿದ್ಯಾರ್ಥಿಗಳು ಹಣ ಕೊಡಲು ತಯಾರು. ಅವರಿಗೆ ಮಹಾದ್ವಾರ, ರಂಗಮಂದಿರ ಬೇಕು. ಸಮಿತಿಗೆ ಹುಡುಗಿಯರ ಶೌಚಾಲಯ ಮತ್ತು ಒಬ್ಬರು ಟೀಚರ್ ಬೇಕು. ಯಾರ ಮಾತು ನಡೆಯಬೇಕು?
(ಓದುಗರು, ಕಾಪು ತಾಲೂಕು)

ಉತ್ತರ: ಶಾಲೆಯ ಜಾಗದಲ್ಲಿ ಏನೇ ಕಟ್ಟುವುದಿದ್ದರೂ ಎಸ್‌ಡಿಎಂಸಿಯ ನಿರ್ಣಯ ಬೇಕು, ಇಲಾಖೆಯ ಅನುಮತಿ ಬೇಕು. ಹಾಗಾಗಿ ಮಾತು ನಿಮ್ಮದೇ ನಡೆಯಬೇಕು. ಆದರೆ ಕಾನೂನು ತೋರಿಸಿ ಹಳೆ ವಿದ್ಯಾರ್ಥಿಗಳನ್ನು ದೂರ ಮಾಡಿಕೊಳ್ಳಬೇಡಿ. ದೂರದಲ್ಲಿ ಇರುವವರಿಗೆ ಶಾಲೆ ಅಂದರೆ ತಾವು ಓದಿದ ಕಾಲದ ನೆನಪು. ಈಗ ಅಲ್ಲಿ ಏನು ಕೊರತೆ ಇದೆ ಅಂತ ಅವರಿಗೆ ಯಾರೂ ತೋರಿಸಿಲ್ಲ.

ತೋರಿಸಿ. ಊರಿಗೆ ಬಂದಾಗ ಶಾಲೆಯ ದಿನವೇ ಕರೆಯಿರಿ, ಭಾನುವಾರ ಬೇಡ. ಏಳನೆಯ ತರಗತಿಯ ಹುಡುಗಿ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾಳೆ ಎಂಬುದನ್ನು ಶಿಕ್ಷಕಿಯರೇ ಅವರಿಗೆ ಹೇಳಲಿ. ಇದು ಎಷ್ಟೋ ಶಾಲೆಗಳಲ್ಲಿ ನಡೆಯುತ್ತಿರುವ ವಿಷಯ, ಅದನ್ನು ಕೇಳಿಯೂ ಮೊದಲು ದ್ವಾರವೇ ಆಗಲಿ ಅನ್ನುವವರು ಕಡಿಮೆ.

ಶೌಚಾಲಯ ಕಟ್ಟುವಾಗ ಟ್ಯಾಂಕಿಗೆ ನೀರು ಎಲ್ಲಿಂದ, ದಿನಾ ತೊಳೆಯುವವರು ಯಾರು, ಅವರಿಗೆ ತಿಂಗಳಿಗೆ ಕೊಡುವ ಹಣ ಎಲ್ಲಿಂದ, ಇದನ್ನು ಮೊದಲೇ ಬರೆದುಕೊಳ್ಳಿ. ಫಲಕದಲ್ಲಿ ದಾನಿಗಳ ಹೆಸರು ಚೆನ್ನಾಗಿ ಬರೆದು, ಒಳಗೆ ನೀರಿಲ್ಲದೆ ಬೀಗ ಬಿದ್ದ ಶೌಚಾಲಯ ನೋಡಿದಾಗ ನಿಜವಾಗಿ ಬೇಸರ ಆಗುತ್ತದೆ.

ಟೀಚರ್ ವಿಷಯ ಬೇರೆ. ಹುದ್ದೆ ಖಾಲಿ ಇದ್ದರೆ ಮೊದಲು ಇಲಾಖೆಯಿಂದ ಅತಿಥಿ ಶಿಕ್ಷಕರನ್ನು ಕೇಳಿ, ಅದು ಸರಕಾರದ ಹೊಣೆ. ಅದಕ್ಕೂ ಮೇಲೆ ಗೌರವ ಶಿಕ್ಷಕಿ ಬೇಕಾದರೆ ಒಂದು ಲೆಕ್ಕ ಮಾಡಿ. ತಿಂಗಳಿಗೆ 8,000 ಕೊಟ್ಟರೆ ಹತ್ತು ತಿಂಗಳಿಗೆ 80,000. ಪ್ರತಿ ವರ್ಷ ದಾನಿಗಳ ಮನೆ ಬಾಗಿಲಿಗೆ ಹೋಗುವ ಬದಲು ಶತಮಾನೋತ್ಸವದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ, ಶೇ. 7 ಬಡ್ಡಿ ಅಂತ ಹಿಡಿದರೂ, ಸುಮಾರು 11.5 ಲಕ್ಷ ಬೇಕು. ಒಂದು ರಂಗಮಂದಿರಕ್ಕೆ ಎಷ್ಟಾಗುತ್ತದೆ ಅಂತ ಎಸ್ಟಿಮೇಟ್ ತರಿಸಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ಅವರ ಮುಂದೆ ಓದಿ. ರಂಗಮಂದಿರ ಬೇಡ ಅಂತ ನಾನು ಹೇಳುವುದಿಲ್ಲ. ವಾರ್ಷಿಕೋತ್ಸವಕ್ಕೆ ಊರೇ ಸೇರುವ ಜಿಲ್ಲೆ ನಮ್ಮದು, ಮಕ್ಕಳ ಯಕ್ಷಗಾನ ನೋಡಲು ಬಂದವರೇ ನಾಳೆ ಶಾಲೆಯ ಕೆಲಸಕ್ಕೂ ಬರುತ್ತಾರೆ. ಮೊದಲು ಶೌಚಾಲಯ, ಆಮೇಲೆ ಠೇವಣಿ, ಉಳಿದರೆ ವೇದಿಕೆ. ನನ್ನ ಸಲಹೆ ಈ ಕ್ರಮದಲ್ಲಿ.

ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತು. ಮಂಗಳೂರಿನಲ್ಲಿ ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ಆಗುವ ಹಾಗೆ ಮಾಡಿದರು. ಅವರು ಸ್ವಂತ ಶಾಲೆ ಕಟ್ಟಿಕೊಳ್ಳಲಿಲ್ಲ, ತಮ್ಮ ದುಡಿಮೆಯನ್ನೂ ದಾನಿಗಳು ಕೊಟ್ಟದ್ದನ್ನೂ ಸರಕಾರಿ ಶಾಲೆಗೇ ಹಾಕಿದರು. ದೇಣಿಗೆ ಬಂತು ಅಂತ ಸರಕಾರವನ್ನು ಕೇಳುವುದನ್ನು ಬಿಡಲೂ ಇಲ್ಲ. ನಿಮ್ಮ ಹಳೆ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ.

ಪ್ರಶ್ನೆ: 13 ಮಕ್ಕಳು ಉಳಿದಿದ್ದಾರೆ. ಶಾಲೆ ಮುಚ್ಚುತ್ತಾರೆ ಅಂತ ಸುದ್ದಿ. ಎಲ್‌ಕೆಜಿ ಶುರು ಮಾಡಿ ವ್ಯಾನ್ ತಂದರೆ ಮಕ್ಕಳು ಬರುತ್ತಾರಾ?
(ಎಸ್‌ಡಿಎಂಸಿ ಸದಸ್ಯರು, ಸುಳ್ಯ ತಾಲೂಕು)

ಉತ್ತರ: ಸುಮ್ನೆ ಸುದ್ದಿಗೆ ಹೆದರಬೇಡಿ. ಒಂದರಿಂದ ಐದರ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟರವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ಆ ದೂರವನ್ನು ಮಗು ನಡೆಯುವ ದಾರಿಯಲ್ಲಿ ಅಳೆಯಬೇಕು. ಗುಡ್ಡೆ ಹತ್ತಿ ಇಳಿದು, ತೋಡು (ಹಳ್ಳ) ದಾಟಿ ಹೋಗುವ ದಾರಿಯ ಒಂದು ನಕ್ಷೆಯನ್ನು ನೀವೇ ಬರೆದು ಇಟ್ಟುಕೊಳ್ಳಿ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಅಂತ ಕಾಯ್ದೆಯಲ್ಲೇ ಇದೆ, ಒಬ್ಬರೇ ಇದ್ದರೆ ಇನ್ನೊಬ್ಬರನ್ನು ಕೇಳಿ. ತಾಯಂದಿರು ಮಕ್ಕಳನ್ನು ಬೇರೆ ಕಡೆ ಸೇರಿಸುವುದಕ್ಕೆ ಇಂಗ್ಲಿಷ್ ಎಷ್ಟು ಕಾರಣವೋ, ‘ಟೀಚರ್ ಮೀಟಿಂಗಿಗೆ ಹೋದರೆ ಶಾಲೆಗೆ ಯಾರು’ ಎಂಬ ಚಿಂತೆಯೂ ಅಷ್ಟೇ ಕಾರಣ.

ಎಲ್‌ಕೆಜಿ ಸಹಾಯ ಮಾಡುತ್ತದೆ, ಮಾಡಿದ ಶಾಲೆಗಳು ನಮ್ಮ ಎರಡೂ ಜಿಲ್ಲೆಯಲ್ಲಿ ಇವೆ. ಆದರೆ ಅನುಮತಿ ಪಡೆದು ಮಾಡಿ, ಅಂಗನವಾಡಿಯವರ ಹತ್ತಿರ ಮಾತಾಡಿ ಮಾಡಿ. ಅವರ ಮಕ್ಕಳನ್ನೇ ಎಳೆದುಕೊಂಡರೆ ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಮುಳುಗಿಸಿದ ಹಾಗೆ. ವ್ಯಾನ್ ತರುವುದು ಸುಲಭ, ಓಡಿಸುವುದು ಕಷ್ಟ. ಡೀಸೆಲ್, ಚಾಲಕನ ಸಂಬಳ, ಇನ್ಶೂರೆನ್ಸ್, ಎಫ್‌ಸಿ (ವಾಹನದ ಅರ್ಹತಾ ಪತ್ರ) ಇವುಗಳಿಗೆ ಎರಡು ವರ್ಷದ ಹಣ ಕೈಯಲ್ಲಿ ಇಲ್ಲದಿದ್ದರೆ ಶುರು ಮಾಡಬೇಡಿ. ಅಷ್ಟರವರೆಗೆ ಊರಿನ ರಿಕ್ಷಾದವರ ಹತ್ತಿರ ತಿಂಗಳ ಲೆಕ್ಕಕ್ಕೆ ಮಾತಾಡಿ ನೋಡಿ.

ಪ್ರಶ್ನೆ: ಶಾಲೆಯ ಆಟದ ಬಯಲು ನಮ್ಮ ಕುಮ್ಕಿ ಅಂತ ಪಕ್ಕದ ಜಾಗದವರು ಬೇಲಿ ಹಾಕಲು ಬಂದಿದ್ದಾರೆ. ಅವರ ಅಜ್ಜ ಬಾಯಿ ಮಾತಿನಲ್ಲಿ ಬಿಟ್ಟು ಕೊಟ್ಟದ್ದಂತೆ.
(ಓದುಗರು, ಪುತ್ತೂರು ತಾಲೂಕು)

ಉತ್ತರ: ಕುಮ್ಕಿ ಅಂದರೆ ಪಕ್ಕದ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತೆಗೆದುಕೊಳ್ಳುವಂಥ ಸವಲತ್ತು. ಜಾಗ ಸರಕಾರದ್ದೇ, ಅವರದ್ದಲ್ಲ. ಮೊದಲು ಆರ್‌ಟಿಸಿ (ಪಹಣಿ) ತೆಗೆಸಿ, ಯಾರ ಹೆಸರಿದೆ ನೋಡಿ. ಸರಕಾರ ಅಂತ ಇದ್ದರೆ ಸರ್ವೆ ಮಾಡಿಸಿ, 1964ರ ಭೂ ಕಂದಾಯ ಕಾಯ್ದೆಯ ಕಲಂ 71ರಲ್ಲಿ ಶಾಲೆಗೆ ಕಾದಿರಿಸಿ ಕೊಡಿ ಅಂತ ತಹಶೀಲ್ದಾರ್ ಮೂಲಕ ಅರ್ಜಿ ಹಾಕಿ. ಅವರದ್ದೇ ಪಟ್ಟಾ ಜಾಗ ಅಂತ ಬಂದರೆ ಜಗಳಕ್ಕೆ ಹೋಗದೆ ಹಿರಿಯರನ್ನು ಕೂರಿಸಿ ಮಾತಾಡಿ, ಅಜ್ಜನ ಹೆಸರು ಬಯಲಿಗೆ ಇಟ್ಟು ದಾನಪತ್ರ ನೋಂದಣಿ ಮಾಡಿಸಿಕೊಳ್ಳಿ. ಅಜ್ಜ ಕೊಟ್ಟದ್ದು ಅಂತ ಅವರೇ ಹೇಳುತ್ತಿದ್ದಾರೆ, ಮಾತು ಅಲ್ಲಿಂದಲೇ ಶುರುವಾಗಲಿ. ಬಯಲಿನ ಮೇಲೆ ವಿವಾದ ಇರುವಾಗ ಕಟ್ಟಡದ ಅನುದಾನವೂ ನಿಲ್ಲುತ್ತದೆ, ಆದ್ದರಿಂದ ಮುಂದೆ ಹಾಕಬೇಡಿ.

ಪ್ರಶ್ನೆ: ನಮ್ಮದು ಅನುದಾನಿತ ಶಾಲೆ. ಇಲ್ಲಿಯ ಸಮಿತಿಗೂ ಇದೇ ಅಧಿಕಾರವಾ? ತಿಂಗಳಿಗೆ ಇಷ್ಟು ಅಂತ ಪೋಷಕರಿಂದ ಹಣ ತೆಗೆದುಕೊಳ್ಳಬಹುದಾ?
(ಓದುಗರು, ಕಾರ್ಕಳ)

ಉತ್ತರ: ಇಲ್ಲ. 2012ರ ತಿದ್ದುಪಡಿಯ ನಂತರ ಅನುದಾನಿತ ಶಾಲೆಯ ಸಮಿತಿ ಸಲಹೆ ಮಾತ್ರ ಕೊಡಬಹುದು, ಕಟ್ಟಡ ನೋಡಿಕೊಳ್ಳುವುದು ಆಡಳಿತ ಮಂಡಳಿಯ ಹೊಣೆ. ಹಣದ ವಿಷಯ: 2022ರಲ್ಲಿ ಸರಕಾರಿ ಶಾಲೆಗಳಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಸುತ್ತೋಲೆ ಬಂದಿತ್ತು, ವಿರೋಧ ಬಂದು ಕೆಲವೇ ದಿನದಲ್ಲಿ ವಾಪಸ್ ಆಯಿತು. ಮನಸ್ಸಿದ್ದು ಕೊಟ್ಟರೆ ರಶೀದಿ ಕೊಟ್ಟು ತೆಗೆದುಕೊಳ್ಳಿ. ಕೊಡದವರ ಮಗುವಿಗೆ ಒಂದು ಮಾತೂ ಕೇಳುವ ಹಾಗೆ ಆಗಬಾರದು.

ಪ್ರಶ್ನೆ: ನಮ್ಮ ಆರು ಮಕ್ಕಳು ಕಾಲುಸಂಕ (ತೋಡಿನ ಮೇಲಿನ ಕಿರು ಕಾಲುಸೇತುವೆ) ದಾಟಿ ಶಾಲೆಗೆ ಹೋಗಬೇಕು. ಜೋರು ಮಳೆ ಬಂದರೂ ರಜೆ ಘೋಷಣೆ ಆಗುವುದು ಕೆಲವೊಮ್ಮೆ ಮಾತ್ರ.
(ತಾಯಿಯೊಬ್ಬರು, ಹೆಬ್ರಿ ತಾಲೂಕು)

ಉತ್ತರ: ರಜೆ ಹೆಚ್ಚಾಗಿ ಜಿಲ್ಲೆ, ತಾಲೂಕಿನ ಮಟ್ಟದಲ್ಲಿ ತೀರ್ಮಾನ ಆಗುತ್ತದೆ, ಅಲ್ಲಿ ಕೂತವರಿಗೆ ನಿಮ್ಮ ತೋಡಿನ ನೀರು ಕಾಣುವುದಿಲ್ಲ. ಹಾಗಾಗಿ ಎರಡು ಕೆಲಸ ಒಟ್ಟಿಗೆ ನಡೆಯಲಿ. ಒಂದು, ‘ಶಾಲಾ ಸಂಪರ್ಕ ಸೇತು’ ಅಂತ ಸರಕಾರದ ಯೋಜನೆ ಇಂಥ ಜಾಗಕ್ಕೆಂದೇ ಬಂದದ್ದು. ಎಸ್‌ಡಿಎಂಸಿ ನಿರ್ಣಯ, ಗ್ರಾಮ ಪಂಚಾಯತ್ ನಿರ್ಣಯ ಎರಡನ್ನೂ ಸೇರಿಸಿ ಶಾಸಕರಿಗೆ ಮತ್ತು ಲೋಕೋಪಯೋಗಿ ಇಲಾಖೆಗೆ ಕೊಡಿ, ಮಳೆಗಾಲದಲ್ಲಿ ತೆಗೆದ ಫೋಟೊ ಇಡಿ. ಮಕ್ಕಳ ಗ್ರಾಮ ಸಭೆ ನಡೆಯುವಾಗ ಆ ಆರು ಮಕ್ಕಳೇ ಎದ್ದು ನಿಂತು ಹೇಳಲಿ, ಅದು ನಡಾವಳಿಯಲ್ಲಿ ದಾಖಲಾಗಲಿ.

ಎರಡನೆಯದು ಈ ಜೂನ್‌ಗೇ ಬೇಕಾದದ್ದು. ತೋಡಿನ ಆಚೆಯ ಮಕ್ಕಳ ಪಟ್ಟಿ ಶಾಲೆಯಲ್ಲಿ ಇರಲಿ. ನೀರು ಸಂಕದ ಹತ್ತಿರ ಬಂದ ದಿನ ಆ ಮನೆಯವರು ಬೆಳಿಗ್ಗೆ ಟೀಚರಿಗೆ ಫೋನ್ ಮಾಡಿದರೆ ಸಾಕು, ಮಗು ಬರಬೇಕಾಗಿಲ್ಲ, ಹಾಜರಿಯ ವಿಷಯದಲ್ಲಿ ಯಾರೂ ಬೈಯಬಾರದು. ಮಧ್ಯಾಹ್ನ ನೀರು ಏರಿದರೆ ದೊಡ್ಡವರು ಬಂದು ಕರೆದುಕೊಂಡು ಹೋಗುವವರೆಗೆ ಮಗುವನ್ನು ಶಾಲೆಯಿಂದ ಬಿಡಬಾರದು. ಇಷ್ಟನ್ನೂ ಮೇ ತಿಂಗಳ ಸಭೆಯಲ್ಲೇ ಬರೆದು ಎಲ್ಲರೂ ಸಹಿ ಹಾಕಿ.